ಮಾವಿನ ಸೀಜನ್ನಿನ ಲೈಸೆನ್ಸುಗಳು

ಮೇ 6, 2025, ಮಂಗಳವಾರ. ಮಾಲೂರು

ಮಾವಿನ ಸೀಜನ್ನಿಗೆ ಕೆಲಸಕ್ಕೆ ತೆಗೆದುಕೊಂಡವರ ಪಟ್ಟಿ ಬಂತು. ಹೆಚ್ಚಿನವರು ಶ್ರೀನಿವಾಸಪುರ, ಮುಳಬಾಗಿಲು ಖರೀದಿ ಕೇಂದ್ರಗಳಿಗೆ. ಕೆಲವರು ಇಲ್ಲಿನ ಗೋದಾಮಿಗೆ. ಎಲ್ಲರಿಗೂ ಮೇಲ್ ಬೇಕು, ಎಕ್ಸೆಲ್ ಬೇಕು. ಇಷ್ಟು ವರ್ಷ ಒಬ್ಬೊಬ್ಬರ ಖಾತೆ ತೆರೆದು ಮೈಕ್ರೋಸಾಫ್ಟ್ 365 ಲೈಸೆನ್ಸಿಗೆ ಟಿಕ್ ಹಾಕುವುದೇ ರೂಢಿ. ಹಾಕಿದ ಟಿಕ್ ತೆಗೆಯುವವರು ಯಾರೂ ಇಲ್ಲ. ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿ ತಿಂಗಳು ತಿಂಗಳು ದುಡ್ಡು ಹೋಗುತ್ತಿರುತ್ತದೆ.

ಈ ಸಲ ಲೈಸೆನ್ಸ್ ಒಬ್ಬೊಬ್ಬರಿಗಲ್ಲ, ಗ್ರೂಪಿಗೆ. ಸೇರಿದವರಿಗೆ ತಾನಾಗಿ ಬರಲಿ, ಬಿಟ್ಟವರಿಂದ ತಾನಾಗಿ ಹೋಗಲಿ. ಗ್ರೂಪ್ ಕಟ್ಟುವುದು ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿಯಲ್ಲಿ. 2023ರವರೆಗೆ ಇದಕ್ಕೆ ಆಝೂರ್ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರಿತ್ತು. ಲೈಸೆನ್ಸ್ ಹಂಚುವ ಪರದೆಯನ್ನು ಮಾತ್ರ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ತೆಗೆದರು. ಅದಕ್ಕೀಗ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರಿಗೇ ಹೋಗಬೇಕು.

ಮೇ 9, ಶುಕ್ರವಾರ. ಮುಳಬಾಗಿಲು

ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಚುರುಕು. "ಅಣ್ಣಾ, ಸೀಜನ್ ಅಂತ ಒಂದು ದೊಡ್ಡ ಗ್ರೂಪ್ ಮಾಡಿ ಅದರೊಳಗೆ ಮೂರೂ ಊರಿನ ಗ್ರೂಪ್ ಹಾಕಿಬಿಟ್ಟರೆ ಒಂದೇ ಸಲಕ್ಕೆ ಆಗೋಗುತ್ತಲ್ಲ?" ಅಂದ. ಆಗುವುದಿಲ್ಲ. ಗ್ರೂಪಿನ ನೇರ ಸದಸ್ಯರಿಗಷ್ಟೇ ಲೈಸೆನ್ಸ್ ಸಿಗುತ್ತದೆ. ಒಳಗಿರುವ ಗ್ರೂಪಿನವರಿಗೆ ಇಳಿಯುವುದಿಲ್ಲ. ಊರಿಗೊಂದು ಗ್ರೂಪ್, ಒಂದೊಂದಕ್ಕೂ ಬೇರೆಯಾಗಿ ಲೈಸೆನ್ಸ್.

ಹಳೆಯ ಸಿಬ್ಬಂದಿಯದು ಸೂಕ್ಷ್ಮದ ಕೆಲಸ. ಅವರಿಗೆ ಈಗಾಗಲೇ ಖಾತೆಗೇ ಟಿಕ್ ಹಾಕಿದ ನೇರ ಲೈಸೆನ್ಸ್ ಇದೆ. ಮೊದಲು ಅವರದೇ ಗ್ರೂಪಿಗೆ ಸೇರಿಸಬೇಕು, ಗ್ರೂಪಿನಿಂದಲೂ ಬಂದಿದೆಯೆಂದು ಕಣ್ಣಾರೆ ನೋಡಬೇಕು, ಆಮೇಲೆ ನೇರದ್ದನ್ನು ತೆಗೆಯಬೇಕು. ಎರಡೂ ಕಡೆಯಿಂದ ಬಂದರೂ ಲೆಕ್ಕಕ್ಕೆ ಒಂದೇ ಲೈಸೆನ್ಸ್, ಹಾಗಾಗಿ ಅವಸರ ಬೇಡ. ಮೊದಲೇ ತೆಗೆದರೆ ನಡುವೆ ಮೇಲ್ ನಿಲ್ಲುತ್ತದೆ. ಹಣ್ಣಿನ ಲಾರಿ ಗೇಟಿನಲ್ಲಿರುವಾಗ ಬಿಲ್ಲಿನ ಮೇಲ್ ತೆರೆಯದಿದ್ದರೆ ಡ್ರೈವರ್‌ಗೆ ಏನು ಹೇಳುವುದು?

ಮೇ 26, ಸೋಮವಾರ. ಕೋಲಾರ

ಖಾತೆಯ ವಿಭಾಗದ ಕಾಲಂನಲ್ಲಿರುವ ಊರಿನ ಹೆಸರು ನೋಡಿ ಜನರನ್ನು ತಾನೇ ಸೇರಿಸಿಕೊಳ್ಳುವ ಡೈನಮಿಕ್ ಗ್ರೂಪ್ ಮಾಡಿದೆ. ಇದಕ್ಕೆ ಎಂಟ್ರಾ ಐಡಿ ಪಿ1 ಲೈಸೆನ್ಸ್ ಬೇಕು, ನಮ್ಮಲ್ಲಿದೆ. ಶ್ರೀನಿವಾಸಪುರದವರಲ್ಲಿ ಅರ್ಧ ಜನ ಗ್ರೂಪಿಗೆ ಬರಲೇ ಇಲ್ಲ. ನೋಡಿದರೆ ಇಂಗ್ಲಿಷಿನಲ್ಲಿ ಕೆಲವರಿಗೆ ಶ್ರೀನಿವಾಸಪುರ್ ಎಂದಿದೆ, ಕೆಲವರಿಗೆ ಶ್ರೀನಿವಾಸಪುರ. ನಾನು ಗ್ರೂಪಿಗೆ ಬರೆದ ರೂಲ್‌ಗೆ ಅಕ್ಷರ ಪೂರ್ತಿ ಹೊಂದಬೇಕು. ಇನ್ನು ಮುಂದೆ ಊರಿನ ಹೆಸರು ಟೈಪ್ ಮಾಡುವುದು ಬೇಡ, ಪಟ್ಟಿಯಿಂದಲೇ ಆರಿಸಲಿ ಎಂದು ಎಚ್.ಆರ್. ಮೇಡಂಗೆ ಹೇಳಿ ಒಪ್ಪಿಸಿದೆ.

ಜೂನ್ 13, ಶುಕ್ರವಾರ. ಶ್ರೀನಿವಾಸಪುರ

ಕರ್ನಾಟಕದ ತೋತಾಪುರಿ ಮಾವು ಬರದಂತೆ ಆಂಧ್ರದ ಚಿತ್ತೂರು ಜಿಲ್ಲಾಡಳಿತ 7ನೇ ತಾರೀಕು ಆದೇಶ ಮಾಡಿದೆ. ಇಲ್ಲಿನ ತೋತಾಪುರಿ ನಂಬಿಕೊಂಡಿರುವುದೇ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳನ್ನು. ಬೆಲೆ ನೆಲಕಚ್ಚಿದೆ. ಮಂಡಿಯ ಮುಂದೆ ಟ್ರ್ಯಾಕ್ಟರಿನಲ್ಲೇ ಹಣ್ಣು ಕಪ್ಪಾಗುತ್ತಿದೆ. ರೈತರ ಮುಖ ನೋಡಲಾಗುವುದಿಲ್ಲ. ನಮ್ಮ ಖರೀದಿಯೂ ಇಳಿದು, ಸೀಜನ್ ಹುಡುಗರಲ್ಲಿ ಕೆಲವರನ್ನು ಈಗಲೇ ಬಿಡುತ್ತಿದ್ದಾರೆ.

ಗ್ರೂಪಿನಿಂದ ಹೊರಬಿದ್ದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದ ಮೇಲೆ ಮೇಲ್‌ಬಾಕ್ಸ್ ಉಳಿಯುವುದು 30 ದಿನ. ಅದರಲ್ಲಿರುವುದು ರೈತರ ತೂಕದ ಚೀಟಿ, ಬಾಕಿ ಹಣದ ಲೆಕ್ಕ. ಆದ್ದರಿಂದ ಹೋಗುವವರ ಮೇಲ್‌ಬಾಕ್ಸುಗಳನ್ನು ಮೊದಲು ಶೇರ್ಡ್ ಮೇಲ್‌ಬಾಕ್ಸುಗಳಾಗಿ ಬದಲಿಸಿದೆ. 50 ಜಿಬಿಯ ಒಳಗಿದ್ದರೆ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಆಮೇಲೆಯೇ ವಿಭಾಗದ ಕಾಲಂ ಬದಲಿಸಿದೆ.

ಜುಲೈ 22, ಮಂಗಳವಾರ. ಮಾಲೂರು

ಸೀಜನ್ ಗ್ರೂಪುಗಳು ಖಾಲಿ. ಲೈಸೆನ್ಸುಗಳೆಲ್ಲ ವಾಪಸು ಬಂದಿವೆ, ಟೊಮೆಟೊ ವಿಭಾಗದ ಹೊಸಬರಿಗೆ ಅವನ್ನೇ ಕೊಡಬಹುದು. ಎಚ್.ಆರ್.ಗೆ ಬರೆದ ಪತ್ರದ ಕೊನೆಯ ಸಾಲು ಇಲ್ಲೂ ಇರಲಿ: ಯಾರೇ ಕೆಲಸ ಬಿಟ್ಟರೂ ಕಾಲಂ ಬದಲಿಸುವ ಮುಂಚೆ ನಮಗೊಂದು ಮಾತು ತಿಳಿಸಿ, ರೈತರಿಗೆ ಕೊಡಬೇಕಾದ ಹಣದ ಲೆಕ್ಕ ಆ ಮೇಲ್‌ಬಾಕ್ಸಿನಲ್ಲಿದೆ.