ನೂರಕ್ಕೊಂದು ಸಲ ಕೈಕೊಡುವ ಪಿಸ್ತೂಲು

ನಮ್ಮೂರು ಮಾದಿಹಳ್ಳಿ. ಬೇಲೂರು, ಹಳೇಬೀಡು ನೋಡೋಕೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಈ ಹೆಸರು ಗೊತ್ತಿರಲ್ಲ. ಹೋಬಳಿ ಕೇಂದ್ರ, ಸುತ್ತ ಶುಂಠಿ, ಮುಸುಕಿನ ಜೋಳ, ಬೇಲೂರಿನ ಕಡೆ ಹೋಗ್ತಾ ಹೋಗ್ತಾ ಕಾಫಿ. ಕಾಡುಹಂದಿ ಕಾಟಕ್ಕೆ ಅಂತ ದೊಡ್ಡಪ್ಪನ ಮನೆಯಲ್ಲಿ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಒಂದಿದೆ. ಅದು ಮನೆಯಲ್ಲಿರುವುದಕ್ಕಿಂತ ಹೆಚ್ಚು, ಎಲೆಕ್ಷನ್ ಬಂದಾಗಲೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರೋದೇ ನೆನಪು. ಆದ್ದರಿಂದ ನಮ್ಮ ಮನೆಯಲ್ಲಿ ಬಂದೂಕು ಅಂದ್ರೆ ಸಿನಿಮಾ ಅಲ್ಲ. ರಿಜಿಸ್ಟರು, ಸಹಿ, ರಸೀದಿ.

ದೊಡ್ಡಪ್ಪನ ಮಗಳು, ನಮ್ಮಕ್ಕ, ಹಾಸನದಲ್ಲಿ ಡಿಗ್ರಿ ಓದುವಾಗ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದವಳು. ಕ್ಯಾಂಪಿನಲ್ಲಿ ಐದು ಗುಂಡಿನ ಗ್ರೂಪಿಂಗ್ ಅಂತ ಮಾಡಿಸ್ತಾರಲ್ಲ, ಅದರಲ್ಲಿ ಅವಳ ಐದೂ ತೂತು ಒಂದು ಬಿಲ್ಲೆಯಲ್ಲಿ ಮುಚ್ಚಿ ಹೋಗೋದು. ಆಮೇಲೆ ಬೆಂಗಳೂರಿನ ಒಂದು ರೇಂಜಿಗೆ ಸೇರಿ ಪಿಸ್ತೂಲಿಗೆ ಬದಲಾದಳು. ಈಗ ಅವಳಿಗೆ 22. ಹೋದ ವರ್ಷ ಶುಂಠಿಗೆ ಒಳ್ಳೆ ರೇಟು ಸಿಕ್ಕಿತ್ತು. ದೊಡ್ಡಪ್ಪ ನನಗೆ ಫೋನ್ ಮಾಡಿ, "ಏನ್ಲಾ ಇಂಜಿನಿಯರು, ಇವಳಿಗೆ ಒಂದು .22 ಪಿಸ್ತೂಲು ಬೇಕಂತೆ. ಕೈ ಕೊಡದೇ ಇರೋದು ಯಾವುದು ನೋಡಿ ಹೇಳು" ಅಂದ್ರು. ನಾನು ಮೆಕ್ಯಾನಿಕಲ್ ಮೂರನೇ ವರ್ಷ. ನಮ್ಮನೆಯಲ್ಲಿ ಮಿಕ್ಸಿ ಕೆಟ್ಟರೂ ಫೋನ್ ನನಗೇ ಬರೋದು.

ಪಿಸ್ತೂಲಿನ ಮಾತಿಗೆ ಮುಂಚೆ ಗುಂಡಿನ ಮಾತು, ಯಾಕಂದ್ರೆ ತಕರಾರಿನ ಮೂಲ ಅಲ್ಲೇ ಇದೆ. .22 ಎಲ್‌ಆರ್ ಅನ್ನೋದು 1887ರಲ್ಲಿ ಅಮೆರಿಕದಲ್ಲಿ ಬಂದ ಗುಂಡು. ಇದು ರಿಮ್‌ಫೈರ್: ಹೊತ್ತಿಸುವ ಮದ್ದು ಕ್ಯಾಪಿನೊಳಗಲ್ಲ, ಹಿತ್ತಾಳೆ ಕೊಳವೆಯ ಬುಡದ ಅಂಚಿನ ಮಡಿಕೆಯೊಳಗೆ ಇರುತ್ತೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳುತ್ತೆ. ಅಂಚು ಜಜ್ಜಬೇಕು ಅಂದ್ರೆ ತಗಡು ತೆಳ್ಳಗಿರಲೇಬೇಕು; ತಗಡು ತೆಳ್ಳಗಿದ್ದರೆ ಒತ್ತಡ ಕಡಿಮೆ ಇಡಬೇಕು. ಅದಕ್ಕೇ ಸದ್ದು ಕಮ್ಮಿ, ಒದೆತ ಕಮ್ಮಿ, ಕಲಿಯೋರಿಗೆ ಹಿತ. ಆದರೆ ತಯಾರಿಕೆಯಲ್ಲಿ ಅಂಚಿನ ಸುತ್ತ ಮದ್ದು ಸಮನಾಗಿ ಹರಡದಿದ್ದರೆ, ಪಿನ್ ಬಿದ್ದ ಜಾಗದಲ್ಲೇ ಮದ್ದಿಲ್ಲದಿದ್ದರೆ, ಬರೀ 'ಟಿಕ್'. ಹಾಗಾದಾಗ ತಕ್ಷಣ ಬಿಚ್ಚಿ ನೋಡೋ ಹಾಗಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ತಡವಾಗಿ ಹಾರಿದರೆ?

ಇನ್ನೊಂದು ತೊಂದರೆ ನಮ್ಮ ಸಬ್ಜೆಕ್ಟಿಗೆ ಸೇರಿದ್ದು. ಎನ್‌ಸಿಸಿಯ .22 ರೈಫಲ್‌ಗೆ ಬೋಲ್ಟ್ ಎಳೆಯೋದು ನಮ್ಮ ಕೈ. ಪಿಸ್ತೂಲಿನಲ್ಲಿ ಆ ಕೆಲಸ ಮಾಡೋದು ಹಾರಿದ ಗುಂಡಿನದೇ ಹಿಮ್ಮೊಗದ ಒತ್ತಡ. ಲಾಕ್ ಗೀಕ್ ಏನಿಲ್ಲ. ಬೋಲ್ಟಿನ ತೂಕ, ಹಿಂದಿನ ಸ್ಪ್ರಿಂಗು, ಅಷ್ಟೇ. 2.6 ಗ್ರಾಂ ಸೀಸದ ಗುಂಡು ಸೆಕೆಂಡಿಗೆ ಸುಮಾರು 300 ಮೀಟರ್ ಹೋಗುತ್ತೆ ಅಂತಿಟ್ಟುಕೊಳ್ಳಿ, 120 ಜೂಲ್ ಹತ್ತಿರ. ಇದ್ದದ್ದೇ ಇಷ್ಟು ಶಕ್ತಿ. ಬೋಲ್ಟ್ ಹಿಂದೆ ಹೋಗಿ, ಖಾಲಿ ಕೊಳವೆ ಎಸೆದು, ಹೊಸದನ್ನು ತಳ್ಳಿಕೊಂಡು ಬರೋದೆಲ್ಲ ಇದರ ಒಂದು ಚೂರಿನಲ್ಲೇ ಆಗಬೇಕು. ಸ್ಪ್ರಿಂಗ್ ಕೊಂಚ ಬಿಗಿಯಾದರೆ, ಒಳಗೆ ಮೇಣ-ಸೀಸ-ಮಸಿ ಕಟ್ಟಿದ್ದರೆ, ಗುಂಡಿನ ಲಾಟ್ ಒಂಚೂರು ಮೆತ್ತಗಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಒಂದು ಬ್ರಾಂಡಿನ ಗುಂಡನ್ನು ಸಕ್ಕರೆ ಹಾಗೆ ನುಂಗೋ ಪಿಸ್ತೂಲು ಇನ್ನೊಂದನ್ನು ಉಗುಳುತ್ತೆ.

ಹೆಸರುಗಳೇನೋ ಸಿಗುತ್ತವೆ. ಬರೀ ಡಬ್ಬಿ ಉರುಳಿಸಿ ಖುಷಿಪಡೋರಿಗೆ ಅಮೆರಿಕದಲ್ಲಿ 1949ರಿಂದ ರೂಗರ್ ಇದೆ. ಸ್ಪರ್ಧೆಗೆ 1968ರ ವಾಲ್ಥರ್ ಜಿಎಸ್‌ಪಿ, ಇಟಲಿಯ ಪಾರ್ಡಿನಿ, ಸ್ವಿಜರ್ಲೆಂಡಿನ ಮೊರಿನಿ. ಆದರೆ ನಮ್ಮಲ್ಲಿ ಪಟ್ಟಿ ನೋಡಿ ಆರಿಸೋ ಸುಖ ಇಲ್ಲ. ಖಾಸಗಿ ಆಮದಿಗೆ ದಶಕಗಳಿಂದ ಕಡಿವಾಣ. ಶೂಟರ್ ಅಂತ ಅರ್ಹತೆ ಗಳಿಸಿದವರಿಗೆ ಮಾತ್ರ ದಾರಿ. ಉಳಿದವರಿಗೆ ಈಗಾಗಲೇ ದೇಶದೊಳಗೆ ಇರೋದೇ ಕೈಯಿಂದ ಕೈಗೆ ಬರಬೇಕು, ಅದೂ ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರಿಗೆ. ಕೊಡವರಿಗೆ ಇರೋ ವಿನಾಯಿತಿಯ ಮಾತನ್ನು ನಮ್ಮೂರಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. ಅದು ಕೋವಿ, ರೈಫಲ್‌ಗಳ ಮಾತು, ಪಿಸ್ತೂಲಿನದಲ್ಲ. ಮತ್ತೆ ನಾವು ಕೊಡವರೂ ಅಲ್ಲ.

ದೊಡ್ಡಪ್ಪನ ಮೊದಲ ಪ್ಲಾನು, "ನನ್ನ ಲೈಸೆನ್ಸಿಗೇ ಸೇರಿಸ್ತೀನಿ, ಅವಳು ಹೊಡ್ಕೊಳ್ಳಲಿ" ಅನ್ನೋದು. 2019ರ ತಿದ್ದುಪಡಿ ಆದಮೇಲೂ ಒಬ್ಬರಿಗೆ ಎರಡು ಬಂದೂಕಿಗೆ ಅವಕಾಶ ಇದೆ, ನಿಜ. ಆದರೆ ಅಪ್ಪನ ಹೆಸರಲ್ಲಿ ತಗೊಂಡು ಮಗಳ ಕೈಗೆ ಕೊಡೋಕೆ ಇದು ಸ್ಕೂಟಿ ಅಲ್ಲ. ಅವಳಿಗೆ 21 ತುಂಬಿದೆ, ಅವಳ ಹೆಸರಲ್ಲೇ ಹಾಸನದ ಡಿಸಿ ಆಫೀಸಿಗೆ ಅರ್ಜಿ ಹೋಗಬೇಕು. ಎರಡನೇ ಪ್ಲಾನು, ಶುಂಠಿ ಹೊಲದಾಚೆ ಮಣ್ಣಿನ ದಿಬ್ಬಕ್ಕೆ ಡಬ್ಬಿ ಕಟ್ಟಿ ಹೊಡೆಯೋದು. ಅದಕ್ಕೆ ಅಕ್ಕನೇ ಕೈ ಅಡ್ಡ ಹಿಡಿದಳು: "ಅಪ್ಪಾ, ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ಮೀರಿ ಹೋಗುತ್ತೆ. ಆ ಕಡೆ ಸ್ಕೂಲಿದೆ."

ಹುಡುಕಿದಾಗ ಬೆಂಗಳೂರಿನಲ್ಲಿ ಒಬ್ಬ ಹಿರಿಯರು ಸಿಕ್ಕರು. ಕಣ್ಣು ಮಂಜಾಗಿದೆ, ತಮ್ಮ ಹಳೆ ಟಾರ್ಗೆಟ್ ಪಿಸ್ತೂಲನ್ನು ಸರಿಯಾದ ಕೈಗೆ ದಾಟಿಸಬೇಕು ಅಂತಿದ್ದರು. ಯಾವ ಕಂಪನಿ ಅನ್ನೋದು ಬೇಡ. ಹಳೆಯದು, ಟ್ರಿಗರ್ ಮೆಕ್ಯಾನಿಕಲ್, ಐದು ಗುಂಡಿನ ಮ್ಯಾಗಝೀನ್ ಎರಡು. ಅವರು ಹೇಳಿದ ಬೆಲೆ ನಮ್ಮ ಶುಂಠಿ ದುಡ್ಡಿನ ಮುಕ್ಕಾಲು. ಉಳಿದ ಕಾಲುಭಾಗ ಮುಂದಿನ ಬಿತ್ತನೆ ಶುಂಠಿಗೇ ಸಾಲದು. ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ, ಅದೇ ಎಲ್ಲರಿಗೂ ಭಯ ಆಗಿದ್ದು.

"ಗ್ಯಾರಂಟಿನಾ?" ಅಂತ ದೊಡ್ಡಪ್ಪ ಕೇಳಿದ್ದಕ್ಕೆ ಅವರು, "ಕೈ ಕೊಡಲ್ಲ, ಬಂದು ಹೊಡೆದು ನೋಡಿ" ಅಂದರು. ಇಲ್ಲಿ ನನ್ನ ಕೆಲಸ ಶುರು. ಪಂದ್ಯದಲ್ಲಿ 60 ಗುಂಡು. ಒಂದು ಪಿಸ್ತೂಲು ನೂರಕ್ಕೊಂದು ಸಲ ನಿಲ್ಲುತ್ತೆ ಅಂದ್ರೆ ಕೇಳೋಕೆ ಪರವಾಗಿಲ್ಲ ಅನ್ಸುತ್ತೆ, ನಮ್ಮ ಇಂಟರ್ನಲ್ಸ್‌ನಲ್ಲಿ 99 ಬಂದ ಹಾಗೆ. ಆದರೆ 0.99ರ 60ನೇ ಘಾತ ಸುಮಾರು 0.55. ಹೆಚ್ಚುಕಡಿಮೆ ಎರಡು ಪಂದ್ಯದಲ್ಲಿ ಒಂದರಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತೆ. ರ‍್ಯಾಪಿಡ್ ಹಂತದಲ್ಲಿ ಟಾರ್ಗೆಟ್ ಮೂರು ಸೆಕೆಂಡ್ ಮುಖ ತೋರಿಸಿ ತಿರುಗಿಕೊಳ್ಳುತ್ತೆ. ಅಲ್ಲಿ ನಿಂತರೆ ಕೈ ಎತ್ತಿ ಅಧಿಕಾರಿಯನ್ನು ಕರೆಯಬೇಕು, ನಿಯಮ ಒಪ್ಪಿದರೆ ಇನ್ನೊಂದು ಅವಕಾಶ. ಅವಕಾಶ ಸಿಗಬಹುದು, ಉಸಿರಿನ ಲಯ ವಾಪಸ್ ಸಿಗಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯೆ ಕೆಟ್ಟು ನಿಂತಿದ್ದನ್ನು ನೆನಪಿಸಿಕೊಳ್ಳಿ. ಅವರು ಫೈನಲ್ ತಲುಪಲಿಲ್ಲ. ಪದಕಕ್ಕೆ 2024ರ ಪ್ಯಾರಿಸ್‌ವರೆಗೆ ಕಾಯಬೇಕಾಯ್ತು.

ಒಂದು ಭಾನುವಾರ ರೇಂಜಿಗೆ ಹೋದ್ವಿ. ಕೋಚ್ ಎದುರಿಗೆ, ಯಜಮಾನರು ಪಕ್ಕದಲ್ಲೇ, ಹೊಡೆಯೋದು ಅಕ್ಕ, ಬರೆದುಕೊಳ್ಳೋದು ನಾನು. ಮೊದಲು ಖಾಲಿ ಪಿಸ್ತೂಲಿನ ಟ್ರಿಗರ್ ತೂಕ: ನಿಯಮದ ಪ್ರಕಾರ ಕಮ್ಮಿ ಅಂದ್ರೂ 1000 ಗ್ರಾಂ ಹೊರಬೇಕು, ಹೊತ್ತಿತು. ಮ್ಯಾಗಝೀನ್‌ಗಳ ಮೇಲೆ ನೈಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ, ಎರಡು ಚುಕ್ಕೆ ಇಟ್ಟೆ. ಹಿರಿಯರು ಅದನ್ನು ನೋಡಿ ಸುಮ್ಮನಾದರು. ಆಗಲೇ ನನಗೆ ಡೌಟ್ ಬಂತು.

100 ಗುಂಡು, ಮೂರು ಸಲ ನಿಂತಿತು. ಮೂರೂ ಸಲ ಹೊಸ ಗುಂಡಿನ ಮೂತಿ ಮೇಲೆದ್ದು ಸಿಕ್ಕಿಕೊಂಡಿದ್ದು, ಮೂರೂ ಎರಡು ಚುಕ್ಕೆಯ ಮ್ಯಾಗಝೀನ್‌ನಲ್ಲಿ. 0.97ರ 60ನೇ ಘಾತ ಲೆಕ್ಕ ಹಾಕಿದೆ, 0.16. ಆರು ಪಂದ್ಯದಲ್ಲಿ ಒಂದು ಮಾತ್ರ ಸಲೀಸು. ಮೂರೂ ಒಂದೇ ಕಡೆ ಬೀಳೋದು ಬರೀ ಅದೃಷ್ಟದಿಂದಲೂ ನಾಲ್ಕರಲ್ಲೊಂದು ಸಲ ಆಗಬಹುದು, ಹಾಗಾಗಿ ಅಷ್ಟಕ್ಕೇ ತೀರ್ಪು ಕೊಡೋ ಹಾಗಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ್ವಿ. ಒಂದರ ತುಟಿ ಕೂದಲೆಳೆಯಷ್ಟು ಅಗಲವಾಗಿತ್ತು.

"ಅದು ನಂಗೂ ಗೊತ್ತಮ್ಮ. ನಾನು ಅದನ್ನ ಮುಟ್ಟೋದೇ ಬಿಟ್ಟು ಎಷ್ಟೋ ವರ್ಷ ಆಯ್ತು" ಅಂದರು ಹಿರಿಯರು. ದೊಡ್ಡಪ್ಪನಿಗೆ ಸಿಟ್ಟು ಬಂತು. ಅಕ್ಕ ಮಾತ್ರ, "ಸರ್, ಹಾಗಾದ್ರೆ ಒಂದು ಚುಕ್ಕೆಯದರಲ್ಲೇ ಇನ್ನೂ 300 ಹೊಡೀಲಾ?" ಅಂದಳು.

ಈ 300 ಅವಳು ನನ್ನನ್ನು ಕೇಳಿ ಮೊದಲೇ ಗುರುತು ಹಾಕಿಕೊಂಡಿದ್ದ ಸಂಖ್ಯೆ. ನಿಜವಾಗಲೂ ನೂರಕ್ಕೊಂದು ಸಲ ನಿಲ್ಲೋ ಪಿಸ್ತೂಲಾಗಿದ್ದರೆ, 300 ಗುಂಡೂ ತಡೆಯಿಲ್ಲದೆ ಹೋಗೋ ಸಂಭವ ಶೇಕಡಾ 5ರಷ್ಟೇ. ಪ್ರಾಬಬಿಲಿಟಿ ಪೇಪರಿಗೆ ಓದಿದ್ದು ಒಂದಾದ್ರೂ ಉಪಯೋಗಕ್ಕೆ ಬಂತು. ಮೂರು ಭಾನುವಾರ ಆಯ್ತು, ಎರಡು ಬ್ರಾಂಡಿನ ಗುಂಡು, ಮಧ್ಯೆ ಒಂದೇ ಸಲ ಕ್ಲೀನಿಂಗ್. ಒಂದು ಬ್ರಾಂಡಿನಲ್ಲಿ 150ಕ್ಕೆ ಎರಡು 'ಟಿಕ್', ಇನ್ನೊಂದರಲ್ಲಿ 150ಕ್ಕೆ ಏನೂ ಇಲ್ಲ. ಸಿಕ್ಕಿಕೊಂಡಿದ್ದು ಒಂದೂ ಇಲ್ಲ. ಅವಳ ಲೆಕ್ಕದಲ್ಲಿ ಪಿಸ್ತೂಲು ಪಾಸ್. ನನ್ನ ಲೆಕ್ಕದಲ್ಲಿ ಒಳ್ಳೆ ಬ್ರಾಂಡಿನದು ಇನ್ನೂ 150 ಬಾಕಿ, ಆದರೆ ಒಂದು ಗುಂಡಿನ ರೇಟು ನೋಡಿ ದೊಡ್ಡಪ್ಪ ನನ್ನನ್ನು ಗುರಾಯಿಸಿದರು.

ನನಗೆ ಕೊನೆಗೂ ಕಾಡಿದ್ದು ಬೇರೆ: ಬದಲಿ ಮ್ಯಾಗಝೀನ್ ಎಲ್ಲಿ ಸಿಗುತ್ತೆ, ಸ್ಪ್ರಿಂಗ್ ಯಾರು ಹಾಕಿಕೊಡ್ತಾರೆ? ಹೊಸ ಮಾಡೆಲ್ ಎಷ್ಟೇ ಚಂದ ಇದ್ದರೂ ಅದರ ಬಿಡಿಭಾಗ ಸಮುದ್ರದಾಚೆ ಇದ್ದರೆ ನಮ್ಮ ಪಾಲಿಗೆ ಅದು ನಂಬಿಕಸ್ಥ ಅಲ್ಲ. ಆ ರೇಂಜಿನ ಆರ್ಮರರ್‌ಗೆ ಈ ಹಳೇದರ ಹೊಟ್ಟೆಯೊಳಗಿನ ಒಂದೊಂದು ತಿರುಪೂ ಗೊತ್ತು. ಅದಕ್ಕೇ ಹೂಂ ಅಂದೆ, ಆದರೆ ಕೆಟ್ಟ ಮ್ಯಾಗಝೀನ್‌ನ ಲೆಕ್ಕ ಕಳೆದು ಬೆಲೆ ಮಾಡಿ ಅಂತಾನೂ ಹೇಳಿದೆ. ಹಿರಿಯರು ಒಪ್ಪಿದರು. ಕಳೆದ ಮೊತ್ತ ಬಿತ್ತನೆಗೆ ಹೋಯ್ತು, ದೊಡ್ಡಮ್ಮ ಅವತ್ತು ಮಾತಾಡಿದರು.

ಅಕ್ಕನ ಅರ್ಜಿ ಹಾಸನದಲ್ಲಿದೆ, ಪೊಲೀಸ್ ವೆರಿಫಿಕೇಶನ್ ಮುಗಿದಿದೆ. ಲೈಸೆನ್ಸ್ ಬರೋವರೆಗೆ ಪಿಸ್ತೂಲು ಯಜಮಾನರ ಹತ್ತಿರವೇ ಇರುತ್ತೆ. ಮನೆಯಲ್ಲಿ ಅಭ್ಯಾಸಕ್ಕೆ 0.177 ಏರ್ ಪಿಸ್ತೂಲು ತಂದಳು. 20 ಜೂಲ್ ಒಳಗಿನದಾದ್ದರಿಂದ ಲೈಸೆನ್ಸ್ ಬೇಡ. ಸಿಲಿಂಡರ್ ತುಂಬಿಸೋದು ಬೇಡ ಅಂತ, ಪ್ರತಿ ಗುಂಡಿಗೂ ಸನ್ನೆ ಎಳೆದು ಗಾಳಿ ಒತ್ತೋ ತರದ್ದೇ ಆರಿಸಿದ್ದು. ಮಾದಿಹಳ್ಳಿಯಲ್ಲಿ 200 ಬಾರ್ ಗಾಳಿ ಯಾರ ಅಂಗಡಿಯಲ್ಲಿ ಸಿಗುತ್ತೆ? ಕಾಫಿ ಗೋಡೌನಿನಲ್ಲಿ ಹತ್ತು ಮೀಟರ್ ಅಳೆದು, ಕೊನೆಗೆ ಮರಳಿನ ಚೀಲ ಒಟ್ಟಿದ್ದಾಳೆ. ಮಳೆಗಾಲದ ತೇವಕ್ಕೆ ಚರ್ಮದ ಚೀಲ ಬೇಡ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡು ಅಂದಿದ್ದೆ. ನನ್ನ ಲ್ಯಾಬ್‌ನಿಂದ ತರಬೇಕಂತೆ. ಈ ಶನಿವಾರ ಊರಿಗೆ ಹೊರಟಿದ್ದೀನಿ, ಅಂಗಡಿಯಿಂದಲೇ ಕೊಂಡ ಎರಡು ಪೊಟ್ಟಣ ಬ್ಯಾಗಿನಲ್ಲಿದೆ.