ಮೊದಲು ಬರಹ, ಆಮೇಲೆ ಸ್ಲೈಡ್

ಸ್ಲೈಡ್ ಅಂದ ಕೂಡಲೇ ಕೈ ಬಣ್ಣ ಹುಡುಕಲು ಹೋಗುತ್ತದೆ. ಪತ್ರಿಕೋದ್ಯಮ ಓದುವಾಗ ಸೆಮಿನಾರಿನ ಹಿಂದಿನ ರಾತ್ರಿ ಅರ್ಧ ಸಮಯ ಅದಕ್ಕೇ ಹೋಗುತ್ತಿತ್ತು. ಈಗ ನಾವು ಐದು ಜನ ಐದು ಊರಲ್ಲಿದ್ದೇವೆ. ಲ್ಯಾಪ್‌ಟಾಪ್ ಇರುವುದು ಒಬ್ಬರ ಹತ್ತಿರ ಮಾತ್ರ. ಆದರೂ ಗ್ರಾಮಸಭೆಗೆ ಸ್ಲೈಡ್ ಮಾಡುತ್ತೇವೆ, ಅದೂ ಮೊಬೈಲ್‌ನಲ್ಲಿ ಬರೆದ ಬರಿ ಅಕ್ಷರಗಳಿಂದ.

ವಿಷಯ ಕುಡಿಯುವ ನೀರು. ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಮಕ್ಕಳ ಹಲ್ಲಿನ ಕಲೆ, ದೊಡ್ಡವರ ಮಂಡಿನೋವು ನೋಡಿದವರಿಗೆ ಇದು ಬರಿ ಅಂಕಿಯಲ್ಲ. ಆದರೆ ಪರೀಕ್ಷೆಯ ವರದಿ ಫೈಲಿನಲ್ಲೇ ಉಳಿದರೆ ಯಾವ ಬೋರಿನ ನೀರು ಕುಡಿಯಬಹುದು, ಯಾವುದು ಬಟ್ಟೆ ಒಗೆಯಲು ಮಾತ್ರ ಅನ್ನುವುದು ಊರಿಗೆ ಗೊತ್ತಾಗುವುದಿಲ್ಲ. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಬೇಕಿತ್ತು.

ನಮ್ಮ ದಾರಿ ಹೀಗಿದೆ. ಮೊಬೈಲ್‌ನ ಯಾವುದಾದರೂ ಸಾದಾ ಟೆಕ್ಸ್ಟ್ ಎಡಿಟರ್ ತೆರೆಯುತ್ತೇವೆ. ಒಂದು # ಗುರುತು ಹಾಕಿ, ಜಾಗ ಬಿಟ್ಟು, ತಲೆಬರಹ ಬರೆಯುತ್ತೇವೆ. ಅದು ಒಂದು ಸ್ಲೈಡ್. ಅದರ ಕೆಳಗೆ ಸಾಲಿಗೊಂದು - ಗುರುತು ಹಾಕಿ ವಿಷಯಗಳನ್ನು ಬರೆಯುತ್ತೇವೆ:

# ಶಾಲೆ ಮುಂದಿನ ಬೋರು
- ಫ್ಲೋರೈಡ್ 1.5 ದಾಟಿದೆ
- ಕುಡಿಯಲು ಬೇಡ

ಮುಂದಿನ # ಬಂದರೆ ಮುಂದಿನ ಸ್ಲೈಡ್. ಪ್ರತಿ ತಲೆಬರಹಕ್ಕೂ ಮೊದಲು ಒಂದು ಸಾಲು ಖಾಲಿ ಬಿಡುವುದನ್ನು ಮರೆಯಬಾರದು. ಹೀಗೆ ಬರೆಯುವ ಕ್ರಮಕ್ಕೆ ಮಾರ್ಕ್‌ಡೌನ್ ಎಂದು ಹೆಸರು. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದರು. ಐದೂ ಜನ ಬರೆದದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಲ್ಯಾಪ್‌ಟಾಪ್ ಇರುವವರು ಒಂದೇ ಕಡತಕ್ಕೆ ಸೇರಿಸುತ್ತಾರೆ. ಆಮೇಲೆ ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶಕ್ಕೆ ಒಂದೇ ಸಾಲಿನ ಆಜ್ಞೆ: ಈ ಟೆಕ್ಸ್ಟ್ ತಗೋ, ಪವರ್‌ಪಾಯಿಂಟ್ ಕೊಡು. ಕ್ಷಣದಲ್ಲಿ ಸ್ಲೈಡ್ ಸಿದ್ಧ. ಇದನ್ನು ಬರೆದ ಜಾನ್ ಮ್ಯಾಕ್‌ಫಾರ್ಲೇನ್ ಅಮೆರಿಕದ ಬರ್ಕ್ಲಿಯಲ್ಲಿ ತತ್ವಶಾಸ್ತ್ರ ಕಲಿಸುವ ಮೇಷ್ಟ್ರು.

ಕನ್ನಡಕ್ಕೆ ಇದರಿಂದ ಇನ್ನೊಂದು ಲಾಭವಿದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಮಾಡಿದ ಸ್ಲೈಡ್ ಬೇರೆ ಕಂಪ್ಯೂಟರಿಗೆ ಹೋದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಮೊಬೈಲ್‌ನ ಕೀಬೋರ್ಡ್ ಬರೆಯುವುದೇ ಯೂನಿಕೋಡ್‌ನಲ್ಲಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟ್ ಇರುವುದರಿಂದ ಪಂಚಾಯಿತಿಯ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಒಂದೊಂದು ಕನ್ನಡ ಅಕ್ಷರ, ಗುಣಿತದ ಗುರುತು ಕಡತದಲ್ಲಿ ಹಿಡಿಯುವುದು 3 ಬೈಟ್ ಅಷ್ಟೇ. ಹತ್ತು ಸ್ಲೈಡಿನ ಬರಹವೂ ಹತ್ತು ಕೆಬಿ ದಾಟುವುದು ಕಷ್ಟ. ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ಹೋಗುತ್ತದೆ.

ನಮಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಸಭೆಗೆ ಎರಡು ದಿನ ಮೊದಲೇ ಆ ಬರಹವನ್ನು ಊರಿನ ಗ್ರೂಪಿಗೆ ಹಾಕಿದೆವು. ಓದಲು ಯಾವ ಆಪ್ ಕೂಡ ಬೇಕಿರಲಿಲ್ಲ. ಮೊಮ್ಮಗಳ ಕೈಲಿ ಓದಿಸಿಕೊಂಡ ಅಜ್ಜಿಯೊಬ್ಬರು ದನಿ ಸಂದೇಶ ಕಳಿಸಿದರು: "ಅಂಗನವಾಡಿ ಹಿಂದ್ಗಡೆ ಕೈಪಂಪು ಎಲ್ಲಪ್ಪ ಇದ್ರಾಗೆ? ನಮ್ಮ ಕೇರಿಯೋರು ಕುಡಿಯೋದು ಅದೇ." ಆ ಕೈಪಂಪಿನ ನೀರು ಪರೀಕ್ಷೆಗೇ ಹೋಗಿರಲಿಲ್ಲ. ಮೊಬೈಲ್‌ನಲ್ಲೇ ಒಂದು # ಸೇರಿಸಿ ಕೆಳಗೆ "ಪರೀಕ್ಷೆ ಆಗಿಲ್ಲ, ಯಾವಾಗ?" ಎಂದು ಬರೆದೆವು. ಸಭೆಯಲ್ಲಿ ಎಲ್ಲರೂ ಹೆಚ್ಚು ಹೊತ್ತು ಮಾತಾಡಿದ್ದು ಅದೇ ಸ್ಲೈಡಿನ ಮುಂದೆ. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಅಕ್ಷರದ ಮೂರೇ ಪದ. ಹದಿನೈದು ದಿನದಲ್ಲಿ ಮಾದರಿ ತೆಗೆಸುತ್ತೇವೆ ಅಂದರು. ಆ ಮಾತನ್ನೂ ತಾರೀಕು ಹಾಕಿ ಅದೇ ಕಡತದಲ್ಲಿ ಬರೆದಿಟ್ಟೆವು.

ಕಾಯ್ದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆರು ತಿಂಗಳಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಸಾದಾ ಟೆಕ್ಸ್ಟ್ ಕಡತ ಯಾವ ಫೋನಿನಲ್ಲೂ ತೆರೆಯುತ್ತದೆ, ಹತ್ತು ವರ್ಷದ ಮೇಲೂ ತೆರೆಯುತ್ತದೆ. ಮುಂದಿನ ಸಭೆಯ ಮೊದಲ ಸ್ಲೈಡ್ ಈಗಲೇ ಸಿದ್ಧವಿದೆ: "ಹೋದ ಸಲ ಏನು ಹೇಳಿದ್ದಿರಿ?"

ನಿಮ್ಮೂರಿನ ವಿಷಯ ನೀರೇ ಆಗಬೇಕಿಲ್ಲ. ರಸ್ತೆ, ರೇಷನ್, ಉದ್ಯೋಗ ಖಾತ್ರಿಯ ಕೂಲಿ ಬಾಕಿ, ಯಾವುದಾದರೂ ಆಗಬಹುದು. ಇವತ್ತು ಒಂದು # ಹಾಕಿ ಒಂದು ಸಾಲು ಬರೆಯಿರಿ. ಕೆಳಗಿನದನ್ನು ಊರು ಹೇಳುತ್ತಾ ಹೋಗುತ್ತದೆ.