ನಷ್ಟದ ಬಾಬ್ತಿನಲ್ಲಿದ್ದ ಔಷಧ

ಮಾರಾಟವಾಗದೆ ಉಳಿದ ಸರಕನ್ನು ವರ್ಷಾಂತ್ಯದಲ್ಲಿ ನಷ್ಟದ ಬಾಬ್ತಿಗೆ ಬರೆದು ಮುಗಿಸುವುದು ವರ್ತಕರ ರೂಢಿ. ಔಷಧಶೋಧನೆಯಲ್ಲಿ ಲೆಕ್ಕ ಅಷ್ಟು ಬೇಗ ಮುಗಿಯುವುದಿಲ್ಲವೆಂಬುದಕ್ಕೆ ಎ.ಝಡ್.ಟಿ.ಯ ವೃತ್ತಾಂತವೇ ಸಾಕ್ಷಿ.

1964ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ರಸಾಯನಶಾಸ್ತ್ರಜ್ಞ ಜೆರೋಮ್ ಹಾರ್ವಿಟ್ಜ್ ಅವರು ಕ್ಯಾನ್ಸರಿಗೆ ಮದ್ದನ್ನು ಅರಸುತ್ತ, ಸಾರ್ವಜನಿಕ ಧನಸಹಾಯದಿಂದ ಈ ಸಂಯುಕ್ತವನ್ನು ಸಂಶ್ಲೇಷಿಸಿದರು. ಡಿ.ಎನ್.ಎ. ಕಟ್ಟಡಕ್ಕೆ ಬೇಕಾದ ಥೈಮಿಡಿನ್‌ನಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪಿನ ಸ್ಥಾನದಲ್ಲಿ ಮೂರು ನೈಟ್ರೋಜನ್ ಪರಮಾಣುಗಳ ಅಜೈಡ್ ಗುಂಪನ್ನು ಕೂಡಿಸಿದ್ದೇ ಇದರ ವಿಶೇಷ. ರಕ್ತದ ಕ್ಯಾನ್ಸರಿದ್ದ ಇಲಿಗಳಲ್ಲಿ ಅದು ಫಲ ನೀಡಲಿಲ್ಲ. ಹಾರ್ವಿಟ್ಜ್ ಅದಕ್ಕೆ ಪೇಟೆಂಟನ್ನೂ ಪಡೆಯಲಿಲ್ಲ.

1985ರಲ್ಲಿ ಅದೇ ಸಂಯುಕ್ತವು ಏಡ್ಸ್ ವೈರಸ್ಸನ್ನು ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಈ ವೈರಸ್ ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ರಚಿಸಲು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವವನ್ನು ಅವಲಂಬಿಸಿದೆ. ಖೋಟಾ ನಾಣ್ಯವನ್ನು ಅಸಲೆಂದು ನಂಬಿದ ವರ್ತಕನಂತೆ, ದೇಹದಲ್ಲಿ ಸಿದ್ಧಗೊಂಡ ಎ.ಝಡ್.ಟಿ.ಯ ರೂಪವನ್ನು ಆ ಕಿಣ್ವವು ಸರಪಳಿಗೆ ಸೇರಿಸುತ್ತದೆ. ಮುಂದಿನ ಕೊಂಡಿಯನ್ನು ಹಿಡಿಯಬೇಕಾದ ಹೈಡ್ರಾಕ್ಸಿಲ್ ಅಲ್ಲಿ ಇಲ್ಲವಾದ್ದರಿಂದ ಸರಪಳಿ ಅಲ್ಲಿಗೇ ನಿಲ್ಲುತ್ತದೆ.

1987ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದಾಗ ಇದರ ಬೆಲೆ ರೋಗಿಯೊಬ್ಬನಿಗೆ ವರ್ಷಕ್ಕೆ 8,000ದಿಂದ 10,000 ಡಾಲರ್. ಒಂದೇ ಔಷಧಕ್ಕೆ ವೈರಸ್ ಬೇಗನೆ ಒಗ್ಗಿಕೊಳ್ಳುತ್ತಿದ್ದುದರಿಂದ, 1996ರ ಹೊತ್ತಿಗೆ ಪ್ರೋಟಿಯೇಸ್ ಎಂಬ ಮತ್ತೊಂದು ಕಿಣ್ವವನ್ನು ತಡೆಯುವ ಮದ್ದನ್ನೂ ಸೇರಿಸಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದಿತು. ಆಫ್ರಿಕದ ಬಡರೋಗಿಗೆ ಅದರ ಬೆಲೆ ಕೈಗೆಟುಕದಾಗಿತ್ತು.

ನಮ್ಮ 1970ರ ಪೇಟೆಂಟ್ ಕಾಯಿದೆಯು ಔಷಧಗಳಲ್ಲಿ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕು ನೀಡುತ್ತಿತ್ತು. ಔಷಧವಸ್ತುವಿಗೇ ಪೇಟೆಂಟ್ ದೊರೆಯತೊಡಗಿದ್ದು 2005ರಲ್ಲಿ. ಆ ಅವಕಾಶದಲ್ಲಿ ಭಾರತೀಯ ರಸಾಯನಜ್ಞರು ತಮ್ಮದೇ ಸಂಶ್ಲೇಷಣಾ ಮಾರ್ಗಗಳನ್ನು ರೂಪಿಸಿದರು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಒದಗಿಸುವುದಾಗಿ, ‘ಗಡಿಯಿಲ್ಲದ ವೈದ್ಯರು’ ಸಂಘಟನೆಗೆ ತಿಳಿಸಿತು.

ಲಾಭವನ್ನು ನಾನು ನಿಂದಿಸಲಾರೆ. ಅದರಿಂದಲೇ ನನ್ನ ಸಂಸಾರ ಸಾಗಿದೆ. ಔಷಧದ ಪರೀಕ್ಷೆಗೆ ಹಣ ಹೂಡಿದವನಿಗೂ ಪ್ರತಿಫಲ ಸಲ್ಲಬೇಕು. ಆದರೆ ಆರಂಭದ ಸೋಲಿನ ವೆಚ್ಚವನ್ನು ಸಾರ್ವಜನಿಕರು ಹೊತ್ತಿರುವಾಗ, ಗೆಲುವಿನ ಲಾಭವೆಲ್ಲ ಒಬ್ಬನ ಪಾಲಿಗೇ ಜಮೆಯಾದರೆ ಆ ಲೆಕ್ಕ ಸರಿಹೊಂದುವುದೇ? ಬೇಡವೆಂದು ಅಂಗಡಿಯಿಂದ ಎದ್ದುಹೋಗಬಲ್ಲ ಗಿರಾಕಿಯೊಡನೆ ನಡೆಸುವ ಚೌಕಾಸಿ ನ್ಯಾಯವಾದುದು. ರೋಗಿಗೆ ಎದ್ದುಹೋಗುವ ಸ್ವಾತಂತ್ರ್ಯವಿಲ್ಲ. ಔಷಧಕ್ಕೆ ಬೆಲೆ ಕಟ್ಟುವವರು ಇದನ್ನು ಮೊದಲು ನೆನೆಯಬೇಕು.